ಹಳೆ ದೋಣಿ ಮೋಟಾರು ಏಳದಿದ್ದರೆ: ಹಿನ್ನೀರಿನವರಿಗೊಂದು ದೋಷ ನಿವಾರಣೆ ಕೈಪಿಡಿ

ಮಲೆನಾಡಿನಲ್ಲಿ ದೋಣಿಯ ಹಿಂಭಾಗಕ್ಕೆ ಕಚ್ಚಿಸುವ ಹಳೆಯ ಔಟ್‌ಬೋರ್ಡ್ ಮೋಟಾರು ಓಡಿ ಓಡಿ ಸವೆದು ಕೆಡುವುದಕ್ಕಿಂತ ಕೊಟ್ಟಿಗೆಯ ಮೂಲೆಯಲ್ಲಿ ಸುಮ್ಮನೆ ನಿಂತು ಕೆಡುವುದೇ ಹೆಚ್ಚು. ಜೂನ್‌ನಲ್ಲಿ ಮಳೆ ಹಿಡಿದರೆ ದೋಣಿ ದಡಕ್ಕೆ, ಮೋಟಾರು ಒಳಕ್ಕೆ. ನವರಾತ್ರಿ ಕಳೆದ ಮೇಲೆ ಹೊರಗೆ ತಂದು ಹಗ್ಗ ಎಳೆದರೆ ಉಸಿರಿಲ್ಲ. ಆಗ ಹೆಚ್ಚಿನವರ ಕೈ ಮೊದಲು ಹೋಗುವುದು ಕಾರ್ಬುರೇಟರಿನ ಸ್ಕ್ರೂಗೆ. ಅದು ಎಲ್ಲಕ್ಕಿಂತ ಕೊನೆಗೆ ಮುಟ್ಟಬೇಕಾದ ಜಾಗ. ನಾಲ್ಕು ತಿಂಗಳ ಥಂಡಿಯಲ್ಲಿ ಪೆಟ್ರೋಲು ಕೆಟ್ಟಿರುತ್ತದೆ, ಕಿಡಿ ಹುಟ್ಟಿಸುವ ಪಾಯಿಂಟಿಗೆ ಕಿಲುಬು ಹಿಡಿದಿರುತ್ತದೆ, ಟ್ಯಾಂಕಿನ ಗಾಳಿ ರಂಧ್ರಕ್ಕೆ ಕಣಜ ಮಣ್ಣು ಮೆತ್ತಿರುತ್ತದೆ. ಸ್ಕ್ರೂ ಮಾತ್ರ ಹೋದ ವರ್ಷ ಬಿಟ್ಟಲ್ಲೇ ಇರುತ್ತದೆ.

2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೂ ಶರಾವತಿ ಹಿನ್ನೀರಿನ ಎಷ್ಟೋ ಮೂಲೆಗಳಿಗೆ ದೋಣಿಯೇ ಹತ್ತಿರದ ದಾರಿ. ನಡುನೀರಿನಲ್ಲಿ ಮೋಟಾರು ಕೈಕೊಟ್ಟರೆ ಕೂಗಿದರೂ ಕೇಳುವವರು ಇರುವುದಿಲ್ಲ. ಹಾಗಾಗಿ ಕಾರ್ಬುರೇಟರಿನ ಟ್ಯೂನಿಂಗ್ ಒಂದನ್ನು ಬಿಟ್ಟು ಇಲ್ಲಿ ಹೇಳುವ ಪರೀಕ್ಷೆಗಳನ್ನೆಲ್ಲ ದಡದಲ್ಲೇ ಮುಗಿಸಿ.

ಕೈ ಹಾಕುವ ಮೊದಲು

ಮೋಟಾರನ್ನು ಬಯಲಿನಲ್ಲಿ ಗಟ್ಟಿ ಹಲಗೆಗೆ ಕಚ್ಚಿಸಿ, ಅದರ ಕಾಲನ್ನು, ಅಂದರೆ ಪ್ರೊಪೆಲರ್ ಇರುವ ಕೆಳಭಾಗವನ್ನು, ನೀರು ತುಂಬಿದ 200 ಲೀಟರಿನ ಡ್ರಮ್ಮಿಗೆ ಇಳಿಸಿ. ಪ್ರೊಪೆಲರಿನ ಮೇಲಿರುವ ಚಪ್ಪಟೆ ತಟ್ಟೆ ನೀರಿನಲ್ಲಿ ಪೂರ್ತಿ ಮುಳುಗಿರಬೇಕು. ಡ್ರಮ್ಮಿನಲ್ಲಿ ಓಡಿಸುವಾಗ ಪ್ರೊಪೆಲರ್ ಬಿಚ್ಚಿಡಿ, ಗೇರು ನ್ಯೂಟ್ರಲ್‌ನಲ್ಲಿರಲಿ, ಆಕ್ಸಿಲರೇಟರ್ ಪೂರ್ತಿ ಕೊಡಬೇಡಿ. ನೀರಿಲ್ಲದೆ ಒಂದು ಕ್ಷಣವೂ ಓಡಿಸಬಾರದು. ಎಂಜಿನ್ ತಣಿಸಲು ನೀರು ಎಳೆಯುವ ರಬ್ಬರ್ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ನೀರೇ ಎಣ್ಣೆ. ಒಣಗಿ ತಿರುಗಿದರೆ ಅದು ಸುಟ್ಟುಹೋಗುತ್ತದೆ.

ಮುಚ್ಚಿದ ಕೊಟ್ಟಿಗೆಯಲ್ಲಿ ಓಡಿಸಿದರೆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಆಳನ್ನೇ ಕೊಲ್ಲುತ್ತದೆ. ಎಂಜಿನ್ನಿನ ನೆತ್ತಿಯ ಮೇಲೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ತೆರೆದಿರುವ ಹಳೆ ಮಾದರಿಗಳ ಹತ್ತಿರ ಪಂಚೆ, ಟವೆಲು, ಬಿಚ್ಚುಗೂದಲು ಬೇಡ. ಬೀಡಿ, ಒಲೆ ದೂರವಿರಲಿ.

ಇದು ಯಾವ ಮೋಟಾರು?

ಗುರುತು ಹಿಡಿಯದೆ ರಿಪೇರಿಗೆ ಇಳಿದರೆ ಎಣ್ಣೆಯ ಪ್ರಮಾಣ ತಪ್ಪುತ್ತದೆ, ಬಿಡಿಭಾಗ ತಪ್ಪುತ್ತದೆ. ಕವರಿನ ಮೇಲಿನ ಬಣ್ಣ, ಸ್ಟಿಕರ್ ನಂಬಬೇಡಿ. ಎಷ್ಟೋ ಮೋಟಾರುಗಳಿಗೆ ಬೇರೆ ಮೋಟಾರಿನ ಕವರು ಕೂತಿರುತ್ತದೆ. ದೋಣಿಗೆ ಕಚ್ಚಿಸುವ ಬ್ರಾಕೆಟ್ಟಿನ ಪಕ್ಕದಲ್ಲಿ ಸಣ್ಣ ಲೋಹದ ಫಲಕ ಇರುತ್ತದೆ. ಮಾದರಿ ಸಂಖ್ಯೆ, ಸೀರಿಯಲ್ ಸಂಖ್ಯೆ ಅಲ್ಲಿವೆ. ಅದನ್ನು ಮರಳು ಕಾಗದದಿಂದ ಉಜ್ಜಬೇಡಿ. ಸೋಪುನೀರು, ಹಳೆ ಹಲ್ಲುಜ್ಜುವ ಬ್ರಷ್ಷು ಸಾಕು. ಓರೆಯಾಗಿ ಟಾರ್ಚ್ ಹಿಡಿದರೆ ಮಾಸಿದ ಅಕ್ಷರವೂ ಕಾಣುತ್ತದೆ.

ಜಾನ್ಸನ್ ಮತ್ತು ಎವಿನ್‌ರೂಡ್ ಒಂದೇ ಕಂಪನಿಯ, ಔಟ್‌ಬೋರ್ಡ್ ಮರೀನ್ ಕಾರ್ಪೊರೇಷನ್ನಿನ, ಎರಡು ಹೆಸರುಗಳಾಗಿದ್ದವು. ಒಂದೇ ಕಾಲದ, ಒಂದೇ ಅಶ್ವಶಕ್ತಿಯ ಮಾದರಿಗಳ ಒಳಭಾಗ ಹೆಚ್ಚಾಗಿ ಒಂದೇ ಆಗಿರುವುದರಿಂದ ಒಂದರ ಭಾಗ ಇನ್ನೊಂದಕ್ಕೆ ಕೂರುತ್ತದೆ. ಬ್ರಾಕೆಟ್ಟಿನ ಫಲಕ ಕಳೆದಿದ್ದರೆ ಎಂಜಿನ್ ಬ್ಲಾಕಿಗೆ ಬಡಿದು ಕೂರಿಸಿದ ನಾಣ್ಯದಾಕಾರದ ಬಿಲ್ಲೆ ಹುಡುಕಿ. ಈ ಕಂಪನಿಯ ಎಷ್ಟೋ ಮಾದರಿಗಳಲ್ಲಿ ಸಂಖ್ಯೆ ಅಲ್ಲೂ ಒತ್ತಿರುತ್ತದೆ. 1980ರಿಂದ ಈಚಿನ ಮಾದರಿಯಾದರೆ ಇಸವಿ ಅಕ್ಷರಗಳಲ್ಲಿ ಅಡಗಿದೆ. ಐ, ಎನ್, ಟಿ, ಆರ್, ಓ, ಡಿ, ಯು, ಸಿ, ಇ, ಎಸ್ ಎಂಬ ಹತ್ತು ಅಕ್ಷರಗಳು ಅನುಕ್ರಮವಾಗಿ 1ರಿಂದ 9, ಕೊನೆಯ ಎಸ್ ಸೊನ್ನೆ. ಮಾದರಿ ಸಂಖ್ಯೆಯ ತೀರಾ ಕೊನೆಯ ಅಕ್ಷರ ಬಿಟ್ಟು ಅದರ ಹಿಂದಿನ ಎರಡನ್ನು ಓದಿ. ಅಲ್ಲಿ ‘ಸಿಆರ್’ ಇದ್ದರೆ 1984, ‘ಸಿಓ’ ಇದ್ದರೆ 1985.

1960ರ ದಶಕದ ಮರ್ಕ್ಯುರಿಯಲ್ಲಿ ಮಾದರಿ ಸಂಖ್ಯೆಯ ಕೊನೆಯ ಸೊನ್ನೆ ತೆಗೆದರೆ ಅಶ್ವಶಕ್ತಿ ಹೆಚ್ಚುಕಡಿಮೆ ಸಿಗುತ್ತದೆ: 200 ಎಂದರೆ 20, 500 ಎಂದರೆ 50. ಕವರೇ ಇಲ್ಲದೆ ಬರಿಯ ಹಿತ್ತಾಳೆ ಟ್ಯಾಂಕು, ಉದ್ದ ಕೊಳವೆ ಕಾಲು ಇದ್ದರೆ ಅದು ಬ್ರಿಟಿಷ್ ಸೀಗಲ್ ಇರಬಹುದು.

ಘಟ್ಟದ ಕೆಳಗಿನಿಂದ ಬಂದ ಮೋಟಾರಾದರೆ ಇನ್ನೊಂದು ವಿಷಯ ನೋಡಬೇಕು. ಕರಾವಳಿಯ ಮೀನುಗಾರರು ಸೀಮೆಎಣ್ಣೆಯಲ್ಲಿ ಓಡುವ ಮೋಟಾರು ಬಳಸುತ್ತಾರೆ. ಯಮಾಹಾದ ಅಂಥ ಮಾದರಿಗಳ ಹೆಸರು ‘ಇಕೆ’ ಎಂದು ಶುರುವಾಗುತ್ತದೆ. ಅವು ಪೆಟ್ರೋಲಿನಲ್ಲಿ ಎದ್ದು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಹೊರಳುತ್ತವೆ. ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ತರಬೇಕು. ಹಿಂದಿನವರು ಹಾಗೆ ಮಾಡದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ತಣ್ಣಗಿನ ಎಂಜಿನ್ ಏಳುವುದಿಲ್ಲ. ಸಮುದ್ರ ಕಂಡ ಮೋಟಾರಿನ ನೀರಿನ ದಾರಿಗಳಲ್ಲಿ ಉಪ್ಪು ಗಟ್ಟಿಯಾಗಿರುವುದೂ ಉಂಟು.

ಗುರುತು ಸಿಕ್ಕ ಮೇಲೆ ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಲೆಕ್ಕ. 1964ರಿಂದೀಚಿನ ಹೆಚ್ಚಿನ ಜಾನ್ಸನ್, ಎವಿನ್‌ರೂಡ್‌ಗಳಿಗೆ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಅಂದರೆ 5 ಲೀಟರಿಗೆ 100 ಮಿ.ಲೀ. ಅದಕ್ಕಿಂತ ಹಳೆಯವಕ್ಕೆ 24ಕ್ಕೆ 1, ಅಂದರೆ 5 ಲೀಟರಿಗೆ ಸುಮಾರು 210 ಮಿ.ಲೀ. ಹಳೆ ಸೀಗಲ್ ಕೇಳುವುದು 10ಕ್ಕೆ 1. ನಂತರದವು 25ಕ್ಕೆ 1. ಹೊಗೆ ಹೆಚ್ಚೆಂದು ಹಳೆಯದಕ್ಕೆ ಎಣ್ಣೆ ಕಡಿಮೆ ಮಾಡಿದರೆ ಬೇರಿಂಗು ಹೋಗುತ್ತದೆ. ಬೈಕಿನ 2ಟಿ ಎಣ್ಣೆ ಗಾಳಿಯಿಂದ ತಣಿಯುವ ಎಂಜಿನ್ನಿಗೆ ಮಾಡಿದ್ದು. ಡಬ್ಬದ ಮೇಲೆ ‘ಟಿಸಿ-ಡಬ್ಲ್ಯು3’ ಎಂದಿರುವ ದೋಣಿ ಎಣ್ಣೆಯನ್ನೇ ತನ್ನಿ.

ಹಗ್ಗ ಎಳೆಯಲಿಕ್ಕೇ ಬರುತ್ತಿಲ್ಲ

ಗೇರಿನಲ್ಲಿದ್ದರೆ ಹಗ್ಗಕ್ಕೆ ಬೀಗ ಬೀಳುವ ಮಾದರಿಗಳಿವೆ. ನ್ಯೂಟ್ರಲ್‌ಗೆ ತಂದು ನೋಡಿ. ಆಮೇಲೂ ಅಲುಗದಿದ್ದರೆ ಪ್ಲಗ್ಗುಗಳನ್ನು ಬಿಚ್ಚಿ, ಪ್ರತಿ ಸಿಲಿಂಡರಿಗೂ ಎರಡು ಚಮಚ ತೆಳು ಎಣ್ಣೆ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ನಂತರ ಫ್ಲೈವೀಲನ್ನು ಕೈಯಿಂದ, ಅದು ತಿರುಗುವ ದಿಕ್ಕಿಗೇ, ಮೆಲ್ಲಗೆ ಒತ್ತಿ. ಸ್ಪ್ಯಾನರಿಗೆ ಕೊಳವೆ ತೊಡಿಸಿ ಬಲ ಹಾಕಿದರೆ ಪಿಸ್ಟನ್ ರಿಂಗು ಮುರಿಯುತ್ತದೆ. ನೆನೆಸಿದರೂ ಬಿಡದ ಎಂಜಿನ್ ಮೆಕ್ಯಾನಿಕ್‌ನ ಕೆಲಸ.

ಹಗ್ಗ ಎಳೆದು ಕೈ ಸೋತರೂ ಏಳುವುದಿಲ್ಲ

ಕಾಸು ಖರ್ಚಿಲ್ಲದ ಪರೀಕ್ಷೆಗಳು ಮೊದಲು. ಸ್ಟಾಪ್ ಸ್ವಿಚ್ಚಿನ ಕ್ಲಿಪ್ಪು ಜಾಗದಲ್ಲಿದೆಯೇ? ಟ್ಯಾಂಕಿನ ಮುಚ್ಚಳದ ಗಾಳಿ ಸ್ಕ್ರೂ ತೆರೆದಿದೆಯೇ? ಪೈಪಿನ ನಡುವಿನ ರಬ್ಬರ್ ಬಲ್ಬಿನ ಬಾಣ ಎಂಜಿನ್ ಕಡೆಗಿದೆಯೇ? ಬಲ್ಬನ್ನು ಒತ್ತುತ್ತಾ ಹೋದರೆ ಗಟ್ಟಿಯಾಗಬೇಕು. ಎಷ್ಟು ಒತ್ತಿದರೂ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಇಲ್ಲವೇ ಬಲ್ಬಿನ ಒಳಗಿನ ವಾಲ್ವು ಹೋಗಿದೆ.

1950ರ ದಶಕದ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ ಟ್ಯಾಂಕಿನಿಂದ ಒಂದಲ್ಲ, ಎರಡು ಪೈಪು ಬರುತ್ತವೆ. ಅಂಥ ಎಂಜಿನ್ನಿಗೆ ಪೆಟ್ರೋಲ್ ಪಂಪೇ ಇಲ್ಲ. ಒಂದು ಪೈಪಿನಲ್ಲಿ ಎಂಜಿನ್ ಟ್ಯಾಂಕಿಗೆ ಗಾಳಿ ಒತ್ತುತ್ತದೆ, ಆ ಒತ್ತಡಕ್ಕೆ ಇನ್ನೊಂದರಲ್ಲಿ ಪೆಟ್ರೋಲು ಮೇಲೇರುತ್ತದೆ. ಅದಕ್ಕೆ ಈಗಿನ ಒಂಟಿ ಪೈಪಿನ ಟ್ಯಾಂಕು ಸಿಕ್ಕಿಸಿದರೆ ಜಪ್ಪಯ್ಯ ಅಂದರೂ ಓಡದು. ಮೂಲ ಟ್ಯಾಂಕಿನ ಮುಚ್ಚಳದ ರಬ್ಬರ್ ವಾಷರ್ ಒಣಗಿ ಒತ್ತಡ ಸೋರುವುದು ಇವುಗಳ ಮಾಮೂಲಿ ಕಾಯಿಲೆ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಆಗುಂಬೆ, ಹೊಸನಗರದ ಮಳೆಗಾಲದಲ್ಲಿ ಹೀರಲು ಬೇಕಾದಷ್ಟಿದೆ. ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ನೋಡಿ. ತಳದಲ್ಲಿ ಬೇರೆ ಪದರ ಕಂಡರೆ, ಹುಳಿ ವಾಸನೆ ಬಂದರೆ ಪೂರ್ತಿ ಖಾಲಿ ಮಾಡಿ. ಕೆಟ್ಟದ್ದನ್ನು ಹೊಳೆಗೆ, ತೋಟಕ್ಕೆ ಚೆಲ್ಲಬೇಡಿ.

ಪೆಟ್ರೋಲು ಸರಿಯಿದ್ದರೆ ಪ್ಲಗ್ ಬಿಚ್ಚಿ. ಒಣಗಿದ್ದರೆ ಪೆಟ್ರೋಲು ಒಳಕ್ಕೇ ಬರುತ್ತಿಲ್ಲ. ಫಿಲ್ಟರ್, ಕಾರ್ಬುರೇಟರ್ ಬಟ್ಟಲು ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿ ಇಲ್ಲ. ಕಿಡಿ ನೋಡುವಾಗ ಪೆಟ್ರೋಲ್ ಪೈಪು ಕಳಚಿ ದೂರವಿಡಿ. ಎರಡೂ ಪ್ಲಗ್ಗುಗಳನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿಡಿ, ಆದರೆ ಪ್ಲಗ್ ರಂಧ್ರದಿಂದ ದೂರದಲ್ಲಿ. ಅಲ್ಲಿಂದ ಚಿಮ್ಮುವ ಪೆಟ್ರೋಲ್ ಹಬೆಗೆ ಕಿಡಿ ತಾಗಿದರೆ ಮುಖ ಸುಡುತ್ತದೆ. ನೆರಳಿನಲ್ಲಿ ಹಗ್ಗ ಎಳೆದಾಗ ನೀಲಿ ಕಿಡಿ ಚಟ್ಟೆಂದು ಹಾರಬೇಕು. ಸ್ಪಾರ್ಕ್ ಟೆಸ್ಟರ್ ಇದ್ದರೆ ಕಾಲು ಇಂಚು ದಾಟಬೇಕು. ಹಳದಿ, ಸಪ್ಪೆ ಕಿಡಿಯನ್ನು ನಂಬಬಾರದು. ಸಿಲಿಂಡರಿನ ಒತ್ತಡದಲ್ಲಿ ಅದು ಹಾರುವುದೇ ಇಲ್ಲ.

ಕಿಡಿ ಸಪ್ಪೆಯಿದ್ದರೆ ಹೊಸ ಪ್ಲಗ್ ಹಾಕಿ, ಸ್ಟಾಪ್ ಬಟನ್ನಿನ ತಂತಿ ಕಳಚಿ ಮತ್ತೆ ನೋಡಿ. ಆಗಲೂ ಇಲ್ಲದಿದ್ದರೆ ಫ್ಲೈವೀಲ್ ಎತ್ತಬೇಕು. ಅದಕ್ಕೆ ಚಕ್ರವನ್ನು ಎಳೆದು ತೆಗೆಯುವ ಪುಲ್ಲರ್ ಬೇಕೇ ಬೇಕು. ಸುತ್ತಿಗೆಯಿಂದ ಅಂಚಿಗೆ ಹೊಡೆದರೆ ವೀಲು ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ಫ್ಲೈವೀಲ್ ಓಡುವಾಗ ಒಡೆದು ಹಾರುತ್ತದೆ. ಕೆಳಗೆ ಸಿಕ್ಕುವ ಅರ್ಧಚಂದ್ರಾಕಾರದ ಕೀಲಿ ಕತ್ತರಿಸಿದ್ದರೆ ಟೈಮಿಂಗ್ ತಪ್ಪಿದೆ ಎಂದೇ ಅರ್ಥ.

ವೀಲಿನ ಕೆಳಗೆ ಪಾಯಿಂಟು, ಕಂಡೆನ್ಸರು, ಕಾಯಿಲು ಎಂಬ ಕಿಡಿ ಹುಟ್ಟಿಸುವ ಭಾಗಗಳು. ಮಲೆನಾಡಿನ ಮೋಟಾರುಗಳ ಅಸಲು ಕಾಯಿಲೆ ಹೆಚ್ಚಾಗಿ ಇಲ್ಲೇ. ಪಾಯಿಂಟಿನ ಎರಡು ಮುಖ ಬೆಳ್ಳಗೆ ಹೊಳೆಯಬೇಕು. ತೇವದಲ್ಲಿ ನಿಂತದ್ದರ ಮೇಲೆ ಬೂದು ಪೊರೆ ಕೂತಿರುತ್ತದೆ, ಉಗುರಿಗೆ ಸಿಗದಷ್ಟು ತೆಳು, ಆದರೆ ಕರೆಂಟು ದಾಟದಷ್ಟು ದಪ್ಪ. ಪಾಯಿಂಟ್ ಫೈಲನ್ನು ಎರಡು ಬಾರಿ ಎಳೆಯಿರಿ. ಎಮರಿ ಕಾಗದ ಬೇಡ, ಅದರ ಪುಡಿ ಒಳಗೆ ಉಳಿಯುತ್ತದೆ. ನಂತರ ಬಿಳಿ ಕಾರ್ಡನ್ನು ತೆಳು ಸ್ಪಿರಿಟ್ಟಿನಲ್ಲಿ ಅದ್ದಿ ಮುಖಗಳ ನಡುವೆ ಹಿಡಿದು ಎಳೆಯಿರಿ. ಕಾರ್ಡಿನಲ್ಲಿ ಕಪ್ಪು ಗೆರೆ ಬರುವುದು ನಿಂತ ಮೇಲೆ ಒಣ ಕಾರ್ಡಿನಿಂದ ಒಮ್ಮೆ ಎಳೆದು ಮುಗಿಸಿ. ಬೆರಳು ತಾಗಿಸಬೇಡಿ, ಬೆರಳಿನ ಜಿಡ್ಡೇ ಸಾಕು ಕಿಡಿ ಕೊಲ್ಲಲಿಕ್ಕೆ. ಪಾಯಿಂಟು ಪೂರ್ತಿ ತೆರೆದಾಗ ಸಂದು ಹಳೆ ಜಾನ್ಸನ್, ಎವಿನ್‌ರೂಡ್‌ಗಳಲ್ಲಿ 0.020 ಇಂಚು, ಅಂದರೆ ಅರ್ಧ ಮಿ.ಮೀ. ಸಂದು ಅಳೆಯುವ ತೆಳು ಪಟ್ಟಿ, ಫೀಲರ್ ಗೇಜು, ಲಘುವಾಗಿ ತಡೆದು ಜಾರಬೇಕು. ಯೆಜ್ಡಿ, ರಾಜದೂತ್ ಕಾಲದ ಮೆಕ್ಯಾನಿಕ್ ಶಿವಮೊಗ್ಗದಲ್ಲೋ ಸಾಗರದಲ್ಲೋ ಇನ್ನೂ ಅಂಗಡಿ ಇಟ್ಟುಕೊಂಡಿದ್ದರೆ ಈ ಕೆಲಸಕ್ಕೆ ಅವರಷ್ಟು ಒಳ್ಳೆಯ ಕೈ ಬೇರೆ ಇಲ್ಲ.

ಕಾಯಿಲಿನ ಹೊದಿಕೆಯಲ್ಲಿ ಕೂದಲೆಳೆ ಬಿರುಕು ಕಂಡರೂ ಬದಲಿಸಿ. 1950ರ ದಶಕದ ಮೂಲ ಕಾಯಿಲುಗಳು ಬಿರುಕು ಬಿಡುವುದರಲ್ಲಿ ಹೆಸರುವಾಸಿ. ಅಂಟು ಹಚ್ಚಿ ಉಳಿಸಲು ಹೋಗಬೇಡಿ.

ಏಳುತ್ತದೆ, ಸ್ವಲ್ಪ ಹೊತ್ತಿಗೆ ಸಾಯುತ್ತದೆ

ಸತ್ತ ಮೇಲೆ ಏನು ಮಾಡಿದರೆ ಮತ್ತೆ ಏಳುತ್ತದೆ ಎನ್ನುವುದರಲ್ಲೇ ಉತ್ತರವಿದೆ. ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಉಸ್ಸೆಂದು ಗಾಳಿ ಎಳೆದು, ಕೂಡಲೇ ಎದ್ದರೆ ಗಾಳಿ ರಂಧ್ರ ಕಟ್ಟಿದೆ. ಬಲ್ಬು ಒತ್ತಿದಾಗ ಜೀವ ಬಂದರೆ ಪೆಟ್ರೋಲ್ ಪಂಪಿನ ಪೊರೆ ಹರಿದಿದೆ ಅಥವಾ ಪೈಪು ಗಾಳಿ ಎಳೆಯುತ್ತಿದೆ. ಏನು ಮಾಡಿದರೂ ಏಳದೆ, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಎದ್ದರೆ ಕಾಯಿಲಿನ ಮೇಲೆ ಅನುಮಾನ ಪಡಿ. ಬಿಸಿಯಾದಾಗ ಬಿರುಕು ಅಗಲವಾಗಿ ಕಿಡಿ ಸೋರಿಹೋಗುತ್ತದೆ.

ಕಾರ್ಬುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಬಟ್ಟಲಿನಲ್ಲಿ ತೇಲಿ ಪೆಟ್ರೋಲು ತಡೆಯುವ ಫ್ಲೋಟ್ ತೆರೆದು ನೋಡಿ. ಹಳೆ ಕಾರ್ಬುರೇಟರುಗಳ ಫ್ಲೋಟು ಬೆಂಡಿನದು, ಅದರ ಮೇಲೆ ಅರಗಿನ ಲೇಪ. ಅರಗು ಆಲ್ಕೊಹಾಲಿನಲ್ಲಿ ಕರಗುತ್ತದೆ, ಎಥೆನಾಲೂ ಆಲ್ಕೊಹಾಲೇ. ಲೇಪ ಹೋದ ಬೆಂಡು ಪೆಟ್ರೋಲು ಕುಡಿದು ಮುಳುಗುತ್ತದೆ, ಬಟ್ಟಲು ಉಕ್ಕುತ್ತದೆ. ಎಥೆನಾಲ್ ತಡೆಯುವ ಲೇಪ ಹಚ್ಚಿದ ಅಥವಾ ಪ್ಲಾಸ್ಟಿಕ್ ಫ್ಲೋಟು ಹಾಕುವುದೇ ಸರಿ. ಸೋರುತ್ತಿರುವಾಗ ಮೋಟಾರು ಓಡಿಸುವಂತಿಲ್ಲ.

ವೇಗ ಕೊಟ್ಟರೆ ಸೀನುತ್ತದೆ, ನಿಧಾನದಲ್ಲಿ ನಿಲ್ಲುವುದಿಲ್ಲ

ಕಿಡಿ ಚೆನ್ನಾಗಿದೆ, ಪೆಟ್ರೋಲು ಹೊಸದು, ಕಾರ್ಬುರೇಟರ್ ತೊಳೆದಾಗಿದೆ ಎಂದಾದರೆ ಮಾತ್ರ ನೀಡಲ್, ಅಂದರೆ ಮೊದಲು ಹೇಳಿದ ಕಾರ್ಬುರೇಟರಿನ ಸ್ಕ್ರೂ, ಮುಟ್ಟಿ. ಹಳೆ ಕಾರ್ಬುರೇಟರಿನಲ್ಲಿ ಎರಡು ನೀಡಲ್: ಒಂದು ನಿಧಾನಕ್ಕೆ, ಇನ್ನೊಂದು ವೇಗಕ್ಕೆ. ಈಚಿನವುಗಳಲ್ಲಿ ವೇಗದ್ದು ಸ್ಥಿರ ಜೆಟ್. ಎರಡನ್ನೂ ಬೆರಳ ತುದಿಯಲ್ಲಿ ಮೆಲ್ಲಗೆ ಮುಚ್ಚಿ, ನಿಧಾನದ್ದನ್ನು ಒಂದೂವರೆ ಸುತ್ತು, ವೇಗದ್ದನ್ನು ಒಂದು ಸುತ್ತು ತೆರೆಯಿರಿ. ಬಿಗಿಯಾಗಿ ಮುಚ್ಚಿದರೆ ನೀಡಲಿನ ಮೂತಿಗೆ ಗೆರೆ ಬೀಳುತ್ತದೆ, ಮತ್ತೆಂದೂ ಟ್ಯೂನಿಂಗ್ ಕೂರುವುದಿಲ್ಲ.

ಈ ಕೆಲಸ ಡ್ರಮ್ಮಿನಲ್ಲಿ ಆಗುವುದಿಲ್ಲ. ಭಾರ ಎಳೆಯುವಾಗಲೇ ವೇಗದ ಟ್ಯೂನಿಂಗ್ ತಿಳಿಯುವುದು. ದೋಣಿಗೆ ಹಾಕಿ, ದಡದ ಹತ್ತಿರವೇ, ಚುಕ್ಕಾಣಿಗೆ ಇನ್ನೊಬ್ಬರನ್ನು ಕೂರಿಸಿ, ಇಬ್ಬರೂ ಲೈಫ್ ಜಾಕೆಟ್ ತೊಟ್ಟು, ಹುಟ್ಟು ಜೊತೆಗಿಟ್ಟುಕೊಂಡು ಹೊರಡಿ. ಎಂಜಿನ್ ಬಿಸಿಯಾದ ಮೇಲೆ ಪೂರ್ತಿ ವೇಗದಲ್ಲಿ ನೀಡಲನ್ನು ಎಂಟನೇ ಒಂದು ಸುತ್ತಿನಷ್ಟು ಮುಚ್ಚಿ, ಹತ್ತು ಹದಿನೈದು ಸೆಕೆಂಡು ಕಾಯಿರಿ. ಹೀಗೆ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ವೇಗ ಇಳಿದು ಕಾರ್ಬುರೇಟರ್ ಸೀನುತ್ತದೆ. ಪೆಟ್ರೋಲು ಸಾಲುತ್ತಿಲ್ಲ ಎನ್ನುವುದರ ಸದ್ದು ಅದು. ಕೂಡಲೇ ತೆರೆಯುತ್ತಾ ಬಂದು, ನುಣ್ಣಗೆ ಓಡಿದ ಮೇಲೆ ಇನ್ನೂ ಎಂಟನೇ ಒಂದು ಸುತ್ತು ಹೆಚ್ಚಿಗೆ ತೆರೆದು ಬಿಡಿ. ಎರಡು ಹೊಡೆತದ (ಟೂ-ಸ್ಟ್ರೋಕ್) ಎಂಜಿನ್ನಿಗೆ ಎಣ್ಣೆ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲು ಉಳಿಸಲು ಹೋದರೆ ಪಿಸ್ಟನ್ ಹಿಡಿಯುತ್ತದೆ. ನಿಧಾನದ ನೀಡಲಿಗೂ ಇದೇ ಕ್ರಮ, ವೇಗದ್ದು ಮುಗಿದ ನಂತರ. ಕೊನೆಗೆ ಪ್ಲಗ್ ತೆಗೆದು ನೋಡಿದರೆ ತಿಳಿಗಂದು ಬಣ್ಣ ಇರಬೇಕು. ಕಪ್ಪಗೆ ಒದ್ದೆಯಿದ್ದರೆ ಪೆಟ್ರೋಲು ಹೆಚ್ಚು, ಸುಟ್ಟ ಬಿಳುಪಿದ್ದರೆ ಅಪಾಯ.

ಟ್ಯೂನಿಂಗ್ ಎಷ್ಟು ಮಾಡಿದರೂ ಬಲವಿಲ್ಲದೆ ಅದುರುತ್ತಿದ್ದರೆ ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲ. ಕಂಪ್ರೆಷನ್ ಗೇಜಿನಿಂದ ಎರಡನ್ನೂ ಅಳೆಯಿರಿ. ಅಂಕಿ ಎಷ್ಟು ಎನ್ನುವುದಕ್ಕಿಂತ ಎರಡರ ನಡುವಿನ ವ್ಯತ್ಯಾಸ ಮುಖ್ಯ. ಶೇ. 10ರ ಒಳಗಿದ್ದರೆ ಸರಿ. ಒಂದು ತೀರಾ ಕೆಳಗಿದ್ದರೆ ರಿಂಗೋ ಹೆಡ್ ಗ್ಯಾಸ್ಕೆಟ್ಟೋ ಹೋಗಿದೆ. ಅಲ್ಲಿಗೆ ನಿಮ್ಮ ಕೈ ತೆಗೆಯಿರಿ.

ನೀರು ಉಗುಳುತ್ತಿಲ್ಲ, ಬಿಸಿ ವಾಸನೆ ಬರುತ್ತಿದೆ

ತಕ್ಷಣ ನಿಲ್ಲಿಸಿ. ಈಚಿನ ಮಾದರಿಗಳಲ್ಲಿ ಪಕ್ಕದ ಸಣ್ಣ ರಂಧ್ರದಿಂದ ನೀರಿನ ಎಳೆ ಬರಬೇಕು. ಹಳೆಯ ಹಲವು ಮಾದರಿಗಳಲ್ಲಿ ಆ ರಂಧ್ರವೇ ಇಲ್ಲ, ಕಾಲಿನ ಹಿಂಭಾಗದಿಂದ ಹೊಗೆಯ ಜೊತೆ ತುಂತುರು ಬರುತ್ತದೆ. ಮೊದಲು ತೆಳು ತಂತಿಯಿಂದ ಹೊರರಂಧ್ರದ ಕಣಜದ ಮಣ್ಣು ತೆಗೆಯಿರಿ, ಕೆಳಗಿನ ಜಾಲರಿಗೆ ಸಿಕ್ಕ ಪಾಚಿ, ಪ್ಲಾಸ್ಟಿಕ್ ಬಿಡಿಸಿ. ಆಗಲೂ ಬಾರದಿದ್ದರೆ ಇಂಪೆಲ್ಲರ್. ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ನಿಂತ ರಬ್ಬರಿನ ರೆಕ್ಕೆಗಳು ಬಾಗಿದಂತೆಯೇ ಗಟ್ಟಿಯಾಗಿರುತ್ತವೆ. ಎಷ್ಟು ವರ್ಷದ್ದು ಎಂದು ಗೊತ್ತಿಲ್ಲದ ಇಂಪೆಲ್ಲರನ್ನು ನೋಡದೆಯೇ ಬದಲಿಸಿ. ಬೇಸಿಗೆಯಲ್ಲಿ ನೀರು ಇಳಿದಾಗ ಕೆಸರಿನಲ್ಲಿ ಓಡಿಸಿದರೆ ಹೊಸದೂ ಬೇಗ ಸವೆಯುತ್ತದೆ.

ಎಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ

1964ರಲ್ಲಿ ಕಟ್ಟಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟೆಯಿಂದ ಕಾಡಿಗೆ ಕಾಡೇ ಮುಳುಗಿತು. ಅಣೆಕಟ್ಟೆ 1,819 ಅಡಿ ತುಂಬಿದಾಗ ಆ ಮುಳುಗಿದ ಮರಗಳ ಬೊಡ್ಡೆಗಳು ಕಾಣುವುದಿಲ್ಲ. ಮಾರ್ಚ್‌ನಿಂದಾಚೆ ನೀರು ಇಳಿದಂತೆ ಪ್ರೊಪೆಲರಿನ ಮಟ್ಟಕ್ಕೇ ಬರುತ್ತವೆ. ಬೊಡ್ಡೆಗೆ ಬಡಿದಾಗ ಗೇರು ಉಳಿಯಲೆಂದೇ ಪ್ರೊಪೆಲರಿನಲ್ಲೊಂದು ಮೆತ್ತನೆಯ ಪಿನ್ನಿದೆ, ಅದು ಕತ್ತರಿಸಿ ಹೋಗುತ್ತದೆ. ಶಿಯರ್ ಪಿನ್ ಎನ್ನುವುದು ಅದಕ್ಕೇ. ಎಂಜಿನ್ ನಿಲ್ಲಿಸಿ, ಪ್ಲಗ್ ವೈರ್ ಕಳಚಿ, ಗೇರಿಗೆ ಹಾಕಿ ಪ್ರೊಪೆಲರನ್ನು ಕೈಯಲ್ಲಿ ತಿರುಗಿಸಿ. ಸಲೀಸಾಗಿ ಸುತ್ತಿದರೆ ಪಿನ್ ಹೋಗಿದೆ. ಪಿನ್ನಿಗೆ ಬದಲು ಮೊಳೆ ಅಥವಾ ಡ್ರಿಲ್ಲಿನ ಬಿಟ್ ತುರುಕುವವರಿದ್ದಾರೆ. ಮುಂದಿನ ಬೊಡ್ಡೆಗೆ ಪಿನ್ನಿನ ಬದಲು ಗೇರೇ ಒಡೆಯುತ್ತದೆ. ಮೂಲ ಪಿನ್ನಿನ ಅಳತೆ, ಲೋಹ ಎರಡನ್ನೂ ತೋರಿಸಿ ಲೇತ್ ಅಂಗಡಿಯಲ್ಲಿ ಐದಾರು ಮಾಡಿಸಿ, ಇಕ್ಕಳದ ಜೊತೆ ದೋಣಿಯಲ್ಲೇ ಇಟ್ಟಿರಿ.

ಪಿನ್ ಗಟ್ಟಿಯಿದ್ದು, ನಿಧಾನಕ್ಕೆ ಹೋದರೆ ಎಳೆಯುತ್ತದೆ, ವೇಗ ಕೊಟ್ಟರೆ ಜಾರುತ್ತದೆ ಎಂದರೆ ಪ್ರೊಪೆಲರಿನ ಒಳಗಿನ ರಬ್ಬರ್ ಬಿಟ್ಟಿದೆ. ದೋಣಿಯ ಹಿಂಭಾಗ ಎತ್ತರವಾಗಿ, ಮೋಟಾರಿನ ಕಾಲು ಗಿಡ್ಡವಾದರೂ ಪ್ರೊಪೆಲರ್ ಗಾಳಿ ಕಡೆದು ಹೀಗೇ ಕಿರುಚುತ್ತದೆ. ಸಾಮಾನ್ಯ ಕಾಲು 15 ಇಂಚು ಅಥವಾ 20 ಇಂಚಿನ ಹಿಂಭಾಗಕ್ಕೆ ಮಾಡಿದ್ದು, ಅಳೆದು ನೋಡಿ.

ಗೇರ್ ಎಣ್ಣೆ ಮಜ್ಜಿಗೆಯಂತಾಗಿದೆ

ಸೀಲಿನಿಂದ ನೀರು ಒಳಗೆ ಹೋಗಿದೆ. ಪ್ರೊಪೆಲರ್ ದಂಡಿಗೆ ಮೀನಿನ ಬಲೆಯ ನೂಲು ಸುತ್ತಿ ಸೀಲು ಕತ್ತರಿಸುವುದು ಇಲ್ಲಿ ಸಾಮಾನ್ಯ. ಸೀಲು ಬದಲಿಸಿ, ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಒತ್ತಿ ಮೇಲಿನ ರಂಧ್ರದಲ್ಲಿ ಉಕ್ಕುವವರೆಗೆ ತುಂಬಿ. ಬಸಿದ ಹಳೆ ಎಣ್ಣೆಯಲ್ಲಿ ಲೋಹದ ಚೂರು ಸಿಕ್ಕರೆ ಓಡಿಸಬೇಡಿ, ಗೇರ್ ಬಿಚ್ಚಬಲ್ಲವರಿಗೆ ಕೊಡಿ.

ಮೋಟಾರು ನೀರಿಗೆ ಬಿತ್ತು

ಓಡುತ್ತಿರುವಾಗಲೇ ಬಿದ್ದಿದ್ದರೆ ಹಗ್ಗ ಎಳೆಯಬೇಡಿ. ಸಿಲಿಂಡರಿಗೆ ನೀರು ನುಗ್ಗಿ ಕನೆಕ್ಟಿಂಗ್ ರಾಡ್ ಬಾಗಿರಬಹುದು. ಪ್ಲಗ್ ತೆಗೆದು ಫ್ಲೈವೀಲನ್ನು ಕೈಯಲ್ಲಿ ತಿರುಗಿಸಿ. ಎಲ್ಲಾದರೂ ತಡೆದರೆ ಅಲ್ಲಿಗೇ ನಿಲ್ಲಿಸಿ ಮೆಕ್ಯಾನಿಕ್‌ಗೆ ಒಪ್ಪಿಸಿ. ನಿಂತಿದ್ದಾಗ ಬಿದ್ದದ್ದಾದರೆ ಅದೇ ದಿನ ಕೆಲಸ ಮುಗಿಯಬೇಕು, ಗಾಳಿ ತಾಗಿದ ಕೂಡಲೇ ಬೇರಿಂಗಿಗೆ ತುಕ್ಕು ಹತ್ತಲು ಶುರು. ಪ್ಲಗ್ ರಂಧ್ರ ಕೆಳಮುಖ ಮಾಡಿ ನೀರು ಬಸಿಯಿರಿ, ಕಾರ್ಬುರೇಟರ್ ತೊಳೆಯಿರಿ, ಸಿಲಿಂಡರಿಗೆ ಎಣ್ಣೆ ಬಿಟ್ಟು ಕೈಯಲ್ಲಿ ಸುತ್ತಿಸಿ, ಪಾಯಿಂಟು ಒಣಗಿಸಿ, ಹೊಸ ಪೆಟ್ರೋಲಿನಲ್ಲಿ ಡ್ರಮ್ಮಿಗೆ ಹಾಕಿ ಅರ್ಧ ಗಂಟೆ ಓಡಿಸಿ. ಒಳಗಿನ ತೇವ ಆರುವುದು ಆ ಬಿಸಿಗೇ.